ವಜೀರ ಕೊಡುವ ಮುಂಚೆ ಲೆಕ್ಕ ಕೊಡಿ



ಇಲ್ಲಿ ಬರೆದು ಬಹಳ ದಿನ ಆಯಿತು. ಶಾಲೆಯ ಕೆಲಸ, ಅದರ ಮೇಲೆ ಕಾಗದಪತ್ರದ ಕೆಲಸ... ನಿಮಗೆಲ್ಲ ಗೊತ್ತಿದ್ದದ್ದೇ. ಇವತ್ತು ಬರೆಯಲು ಕೂತದ್ದು ಮಾತ್ರ ಸಿಟ್ಟಿನಿಂದ. ಆ ಸಿಟ್ಟಿನಲ್ಲಿ ಅರ್ಧ ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೆಯೇ. ವಿಷಯ ಚದುರಂಗ. ಮಕ್ಕಳಿಗೆ ಚದುರಂಗದ ಪಜಲ್ ಬಿಡಿಸಲು ಕಲಿಸುವಾಗ ನಾವು ದೊಡ್ಡವರು ಒಂದು ಸುಳ್ಳು ಹೇಳುತ್ತೇವೆ: "ಧೈರ್ಯ ಮಾಡಿ ದೊಡ್ಡ ಕಾಯಿ ತ್ಯಾಗ ಮಾಡು, ಗೆಲುವು ತಾನಾಗಿ ಬರುತ್ತದೆ." ಈ ಮಾತಿನ ಮೇಲೆಯೇ ಇವತ್ತಿನ ನನ್ನ ಜಗಳ.

ಮೊದಲು ಹೆಸರುಗಳ ಗೊಂದಲ ಬಗೆಹರಿಸಿಬಿಡುತ್ತೇನೆ. ನಮ್ಮ ಜತ್ತ ಭಾಗದಲ್ಲಿ ಮರಾಠಿಯ ಸಹವಾಸದಿಂದ ಕಾಯಿಗಳಿಗೆ ನಮ್ಮದೇ ಹೆಸರುಗಳಿವೆ. ಮೂಲೆಯಲ್ಲಿ ನಿಂತು ನೇರ ಓಡುವುದು ಆನೆ. ಓರೆಯಾಗಿ ಓಡುವುದು ಒಂಟೆ. ನೀವು ಕೆಲವರು ರಾಣಿ, ಕೆಲವರು ಮಂತ್ರಿ ಅನ್ನುವುದು ನಮಗೆ ವಜೀರ. ಕಾಲಾಳು ನಮಗೆ ಪ್ಯಾದೆ. ಚೆಕ್ ಅಂದರೆ ಶಹ, ಚೆಕ್‌ಮೇಟ್ ಅಂದರೆ ಮಾತ್. ಕಾಸರಗೋಡಿನವರು, ಹೊಸೂರಿನವರು ನಿಮ್ಮ ಹೆಸರು ಇಟ್ಟುಕೊಂಡೇ ಓದಿ, ಆಟ ಬದಲಾಗುವುದಿಲ್ಲ.

ಈಗ ನಡೆದದ್ದು ಹೇಳುತ್ತೇನೆ.

ನಮ್ಮ ಶಾಲೆಯ ಆರನೇ ಇಯತ್ತೆಯ ಒಬ್ಬ ಹುಡುಗಿ ತಾಲೂಕು ಮಟ್ಟದ ಸ್ಪರ್ಧೆಗೆ ಹೋಗಿದ್ದಳು. ಎರಡು ಆಟ ಗೆದ್ದು ಮೂರನೆಯದಕ್ಕೆ ಕೂತಳು. ಅವಳದು ಬಿಳಿ ಕಾಯಿ. ಐದನೇ ನಡೆಗೇ ವಜೀರನನ್ನು ಎದುರಾಳಿಯ ಒಂಟೆಯ ಬಾಯಿಗೆ ಬಿಟ್ಟು, ಕುದುರೆಯಿಂದ ನಡುವಿನ ಪ್ಯಾದೆ ಹೊಡೆದಳು. ಹೊಡೆದು ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಎದುರಿಗೆ ಕೂತ ಹುಡುಗ ವಜೀರನ ಕಡೆ ತಿರುಗಿಯೂ ನೋಡಲಿಲ್ಲ. ತನ್ನ ಕುದುರೆಯಿಂದ ಅವಳ ಕುದುರೆಯನ್ನು ಹೊಡೆದು ಸುಮ್ಮನೆ ಕೂತ. ಅರ್ಧ ಗಂಟೆಯಲ್ಲಿ ಆಟ ಮುಗಿಯಿತು. ಹುಡುಗಿ ಅಳಲಿಲ್ಲ, ಆದರೆ ಊಟಕ್ಕೆ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಲೂ ಇಲ್ಲ.

ಅಲ್ಲಿ ನಿಂತಿದ್ದ ತರಬೇತಿ ಕೊಡುವ ಒಬ್ಬರು ಪಕ್ಕದವರಿಗೆ ಹೇಳಿದರು: "ಕನ್ನಡ ಸಾಳಿ ಹುಡುಗ್ರು ನೋಡ್ರಿ. ಧೈರ್ಯ ಬಾಳ, ಲೆಕ್ಕ ಇಲ್ಲ." ನನಗೆ ಕೇಳಲಿ ಎಂದೇ ಹೇಳಿದರೋ ಏನೋ. ಕೇಳಿಸಿತು.

ತಮಾಷೆ ಏನು ಗೊತ್ತೇ? ಅದಕ್ಕೆ ಎರಡು ತಿಂಗಳ ಹಿಂದೆ ಇದೇ ಮಹಾಶಯರು ಒಂದು ದಿನದ ಶಿಬಿರದಲ್ಲಿ ನಮ್ಮ ಮಕ್ಕಳಿಗೆ ಇದೇ ಆಟದ ಚಿತ್ರ ತೋರಿಸಿ, "ವಜೀರ ಬಿಟ್ಟು ಹೊಡೀರಿ, ಇದು ಗಂಡೆದೆಯ ಆಟ" ಎಂದು ಚಪ್ಪಾಳೆ ಹೊಡೆಸಿದ್ದರು. ಹಿಂದೆ ನಿಂತು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಅಷ್ಟೇ ಅಲ್ಲ, ಅಂಥ ನೂರು ಪಜಲ್‌ಗಳನ್ನು ಝೆರಾಕ್ಸ್ ಮಾಡಿಸಿ, ಕೈಯಲ್ಲಿ ಗಡಿಯಾರ ಹಿಡಿದು, "ಒಂದು ನಿಮಿಷಕ್ಕೆ ಒಂದು" ಎಂದು ಬಿಡಿಸಿದವನೂ ನಾನೇ. ಹುಡುಗಿ ತಪ್ಪು ಮಾಡಲಿಲ್ಲ ಸ್ವಾಮಿ, ನಾವು ಕಲಿಸಿದ್ದನ್ನೇ ಮಾಡಿದಳು.

ಮಣೆ ಇದ್ದವರು ಮಣೆ ತೆಗೆಯಿರಿ. ಆ ಚಿತ್ರದ ಮೂಲ 18ನೇ ಶತಮಾನದ ಪ್ಯಾರಿಸ್‌ನದು. ಫಿಲಿಡೋರ್ ಎಂಬ ದೊಡ್ಡ ಆಟಗಾರನಿಗೆ ಗುರುವಾಗಿದ್ದ ಲೆಗಾಲ್ ಎಂಬವನ ಹೆಸರು ಅದಕ್ಕಿದೆ. ಬಿಳಿಯ ಪ್ಯಾದೆ ಇ4ಕ್ಕೆ, ಕಪ್ಪಿನದು ಇ5ಕ್ಕೆ. ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನ ಪ್ಯಾದೆ ಡಿ6ಕ್ಕೆ. ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಒಂಟೆ ಜಿ4ಕ್ಕೆ. ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ, ಕಪ್ಪಿನ ಪ್ಯಾದೆ ಜಿ6ಕ್ಕೆ. ಈಗ ಬಿಳಿಯ ಕುದುರೆ ಇ5ರ ಪ್ಯಾದೆಯನ್ನು ಹೊಡೆಯುತ್ತದೆ. ಹಿಂದೆ ಡಿ1ರಲ್ಲಿ ವಜೀರ ಬಯಲಿಗೆ ಬಿದ್ದ.

ಕಪ್ಪು ಆಸೆಗೆ ಬಿದ್ದು ವಜೀರನನ್ನು ಹೊಡೆದರೆ? ಬಿಳಿಯ ಒಂಟೆ ಎಫ್7ರ ಪ್ಯಾದೆ ಹೊಡೆದು ಶಹ. ರಾಜ ಆ ಒಂಟೆಯನ್ನು ಹೊಡೆಯುವ ಹಾಗಿಲ್ಲ, ಇ5ರ ಕುದುರೆ ಕಾಯುತ್ತಿದೆ. ಹೋಗಲು ಇರುವುದು ಇ7 ಒಂದೇ. ಅಲ್ಲಿಗೆ ಬಂದರೆ ಸಿ3ರ ಕುದುರೆ ಡಿ5ಕ್ಕೆ ಜಿಗಿದು ಮಾತ್. ವಜೀರನಿಲ್ಲದೆ ಎರಡು ಕುದುರೆ, ಒಂದು ಒಂಟೆ ಸೇರಿ ರಾಜನನ್ನು ಅವನ ಮನೆಯ ನಡುವೆಯೇ ಕಟ್ಟಿಹಾಕುತ್ತವೆ. ನೋಡಿದ ಮಗುವಿನ ಕಣ್ಣು ಅರಳುವುದು ಸಹಜ, ನನ್ನ ಕಣ್ಣೂ ಅರಳಿತ್ತು.

ಶಿಬಿರದಲ್ಲಿ ತೋರಿಸಿದ್ದು ಇಷ್ಟೇ. ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿತ್ತು: ವಜೀರನನ್ನು ಹೊಡೆಯದಿದ್ದರೆ?

ಹೊಡೆಯದಿದ್ದರೂ ಇಲ್ಲಿ ಬಿಳಿಗೆ ನಷ್ಟವಿಲ್ಲ. ಕಪ್ಪಿನ ಡಿ6 ಪ್ಯಾದೆ ಕುದುರೆಯನ್ನು ಹೊಡೆದರೆ, ಬಿಳಿಯ ವಜೀರ ಜಿ4ರ ಒಂಟೆಯನ್ನು ಹೊಡೆಯುತ್ತಾನೆ. ಕುದುರೆಗೆ ಒಂಟೆ ಸಮ, ಮೇಲೆ ಒಂದು ಪ್ಯಾದೆ ಲಾಭ. ಲೆಗಾಲ್‌ನ ತ್ಯಾಗ ಗಟ್ಟಿಯಾಗಿರುವುದು ಈ ಉತ್ತರದಿಂದ. ಎದುರಾಳಿ ದಡ್ಡನಾದರೆ ಮಾತ್, ಜಾಣನಾದರೆ ಒಂದು ಪ್ಯಾದೆ. ಎರಡೂ ದಾರಿಯಲ್ಲಿ ನಮ್ಮ ಕೈ ಮೇಲೆ.

ಈಗ ನಮ್ಮ ಹುಡುಗಿಯ ಆಟ ನೋಡಿ. ಎಲ್ಲ ಅದೇ. ಒಂದೇ ಒಂದು ಫರಕು: ಎದುರಿನ ಹುಡುಗ ನಾಲ್ಕನೇ ನಡೆಗೆ ಜಿ6ಕ್ಕೆ ಪ್ಯಾದೆ ತಳ್ಳುವ ಬದಲು ಸಿ6ಕ್ಕೆ ಕುದುರೆ ತಂದಿದ್ದ. ಆ ಕುದುರೆಗೆ ಇ5ರ ಮೇಲೆ ಕಣ್ಣಿದೆ. ಇವಳ ಕುದುರೆ ಇ5ಕ್ಕೆ ಬಂದ ಕೂಡಲೇ ಅದು ಹೊಡೆಯಿತು. ಹೊಡೆದು ಅಲ್ಲಿಯೇ ನಿಂತು ಜಿ4ರ ತನ್ನ ಒಂಟೆಗೆ ಕಾವಲಾಯಿತು, ಸಿ4ರ ಇವಳ ಒಂಟೆಗೂ ಗುರಿಯಿಟ್ಟಿತು. ಇವಳು ವಜೀರನನ್ನು ಉಳಿಸಿಕೊಳ್ಳಬಹುದಿತ್ತು, ಉಳಿಸಿಕೊಂಡಳು. ಹೋದ ಕುದುರೆ ಮಾತ್ರ ಹೋದಂತೆಯೇ, ಬದಲಿಗೆ ಬಂದದ್ದು ಒಂದು ಪ್ಯಾದೆ. ಆ ಹುಡುಗ ವಜೀರನಿಗೆ ಆಸೆಪಟ್ಟಿದ್ದರೆ ಅಲ್ಲಿಯೂ ಮಾತ್ ಆಗುತ್ತಿತ್ತು. ಆಸೆಪಡಲಿಲ್ಲ. ಎದುರಾಳಿಯ ದಡ್ಡತನವನ್ನು ನಂಬಿ ಕೊಟ್ಟ ಕಾಯಿಗೆ ತ್ಯಾಗ ಅಂತ ಹೆಸರಿಡಬೇಡಿ. ಅದು ಜೂಜು.

ಪಜಲ್ ಪುಸ್ತಕಗಳ ಮೇಲೆ ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಪ್ರತಿ ಚಿತ್ರದ ಕೆಳಗೆ "ಬಿಳಿ ಆಡಿ ಗೆಲ್ಲಬೇಕು" ಎಂದು ಬರೆದಿರುತ್ತದೆ. ಅಂದರೆ ಗೆಲುವು ಇದೆ ಎಂಬ ಗುಟ್ಟನ್ನು ಮೊದಲೇ ಹೇಳಿಬಿಟ್ಟರು. ಅಧ್ಯಾಯದ ತಲೆಬರಹ "ತ್ಯಾಗ" ಎಂದಿದ್ದರೆ ಇನ್ನರ್ಧ ಗುಟ್ಟೂ ಹೋಯಿತು. ಹತ್ತು ಪಜಲ್ ಬಿಡಿಸಿದ ಮಗುವಿಗೆ ಹನ್ನೊಂದನೆಯದರಲ್ಲಿ ಯೋಚಿಸುವ ಕೆಲಸವೇ ಇಲ್ಲ. ವಜೀರನಿಂದ ಎಲ್ಲಿ ಶಹ ಕೊಡಬಹುದೋ ಅಲ್ಲಿ ಕೊಡುತ್ತದೆ, ಹತ್ತಕ್ಕೆ ಎಂಟು ಸರಿ ಬರುತ್ತದೆ. ನಾವು ಬೆನ್ನು ತಟ್ಟುತ್ತೇವೆ. ಮೊಬೈಲಿನಲ್ಲಿ ಆಡುವವರಂತೂ ಇನ್ನೂ ಅವಸರ. ತಪ್ಪಾದರೆ ಕೆಂಪು ಗುರುತು, ಸರಿಯಾದರೆ ಹಸಿರು, ಮುಂದಿನದು. ಯಾಕೆ ತಪ್ಪಾಯಿತು ಎಂದು ನಿಂತು ಕೇಳುವವರಾರು? ನಿಜವಾದ ಆಟದಲ್ಲಿ "ಈಗ ತ್ಯಾಗದ ಸಮಯ" ಎಂದು ಯಾರೂ ಗಂಟೆ ಬಾರಿಸುವುದಿಲ್ಲ. ಇದು ತ್ಯಾಗ ಮಾಡುವ ಜಾಗವೋ ಅಲ್ಲವೋ ಎಂದು ತಿಳಿಯುವುದೇ ಅರ್ಧ ವಿದ್ಯೆ. ಆ ಅರ್ಧವನ್ನು ಪುಸ್ತಕದವರು ತಾವೇ ಮಾಡಿ, ಉಳಿದದ್ದನ್ನು ಮಕ್ಕಳಿಗೆ ಕೊಡುತ್ತಿದ್ದಾರೆ.

"ದೊಡ್ಡ ದೊಡ್ಡ ಆಟಗಾರರು ವಜೀರ ಕೊಟ್ಟು ಗೆದ್ದಿಲ್ಲವೇ?" ಎಂದು ಕೇಳುತ್ತೀರಿ. ಗೆದ್ದಿದ್ದಾರೆ. 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಎಂಬವನು ಕೀಸೆರಿಟ್ಸ್ಕಿಯ ವಿರುದ್ಧ ಒಂದು ಒಂಟೆ, ಎರಡೂ ಆನೆ, ಕೊನೆಗೆ ವಜೀರನನ್ನೂ ಕೊಟ್ಟು ಮಾತ್ ಮಾಡಿದ. ಇನ್ನೂ ಹೆಸರಾದದ್ದು 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ ಆಡಿದ ಆಟ. ಎದುರಿಗೆ ಒಬ್ಬ ಡ್ಯೂಕ್, ಒಬ್ಬ ಕೌಂಟ್ ಇಬ್ಬರೂ ಸೇರಿ ಆಡುತ್ತಿದ್ದರು. ಹದಿನೇಳು ನಡೆಗೆ ಆಟ ಮುಗಿಯಿತು. ಅದರ ಕೊನೆಯನ್ನು ಮಾತ್ರ ನೋಡೋಣ.

ಕಪ್ಪು ರಾಜ ಇ8ರಲ್ಲಿ. ಅವನ ಬಲಕ್ಕೆ ಎಫ್8ರ ಒಂಟೆ, ಎಚ್8ರ ಆನೆ ಆಟದುದ್ದಕ್ಕೂ ಮನೆಯಿಂದ ಹೊರಬಿದ್ದೇ ಇಲ್ಲ. ಡಿ7ರಲ್ಲಿ ಕುದುರೆ, ಇ6ರಲ್ಲಿ ವಜೀರ. ಬಿಳಿಯದು ಡಿ1ರಲ್ಲಿ ಆನೆ, ಜಿ5ರಲ್ಲಿ ಒಂಟೆ, ಬಿ3ರಲ್ಲಿ ವಜೀರ. ಮಾರ್ಫಿ ವಜೀರನನ್ನು ಬಿ8ಕ್ಕೆ ತಂದು ಶಹ ಕೊಟ್ಟ. ಈಗ ಕಪ್ಪು ಏನು ಮಾಡಬಹುದು? ರಾಜ ಇ7ಕ್ಕೆ ಹೋಗಲಾರ, ಜಿ5ರ ಒಂಟೆ ನೋಡುತ್ತಿದೆ. ಡಿ8ಕ್ಕೂ ಹೋಗಲಾರ. ನಡುವೆ ಅಡ್ಡ ಬರುವ ಕಾಯಿ ಯಾವುದೂ ಇಲ್ಲ. ಇಡೀ ಮಣೆಯಲ್ಲಿ ಕಪ್ಪಿಗೆ ನಿಯಮದ ಪ್ರಕಾರ ಉಳಿದದ್ದು ಒಂದೇ ನಡೆ: ಕುದುರೆಯಿಂದ ವಜೀರನನ್ನು ಹೊಡೆಯುವುದು. ಕುದುರೆ ಡಿ7 ಬಿಟ್ಟ ಕೂಡಲೇ ಬಿಳಿಯ ಆನೆ ಡಿ8ಕ್ಕೆ ಬಂದು ಮಾತ್. ಆನೆಯ ಹಿಂದೆ ಕಾವಲಿಗೆ ಜಿ5ರ ಅದೇ ಒಂಟೆ.

ಇದರಲ್ಲಿ ಗಂಡೆದೆ ಎಲ್ಲಿದೆ, ಹೇಳಿ? ಎದುರಾಳಿಗೆ ಒಂದೇ ದಾರಿ ಉಳಿದಿದೆ, ಆ ದಾರಿಯ ಕೊನೆಯಲ್ಲಿ ಮಾತ್ ನಿಂತಿದೆ. ಒಂಬತ್ತು ರೂಪಾಯಿ ಕೊಟ್ಟು ಇಡೀ ಅಂಗಡಿ ಬರೆಸಿಕೊಂಡ ಹಾಗೆ. ಅಂಜಿಕೆಗೆ ಜಾಗವೇ ಇಲ್ಲದ ಕಡೆ ಧೈರ್ಯದ ಮಾತು ಯಾಕೆ? ಮಾರ್ಫಿಯ ದೊಡ್ಡತನ ಎಣಿಕೆಯಲ್ಲಿದೆ. ಅದಕ್ಕೂ ಮುಂಚೆ, ಎದುರಿನವರ ಅರ್ಧ ಸೈನ್ಯ ಮನೆಯಲ್ಲಿ ಮಲಗಿದ್ದಾಗ ತನ್ನ ಕಾಯಿಗಳನ್ನೆಲ್ಲ ಕೆಲಸಕ್ಕೆ ಹಚ್ಚಿದ್ದರಲ್ಲಿದೆ.

ಈ "ತ್ಯಾಗ" ಎಂಬ ಶಬ್ದವೇ ನಮ್ಮನ್ನು ಹಾದಿ ತಪ್ಪಿಸಿತೇನೋ. ಮರಳಿ ಬಯಸದೆ ಕೊಡುವುದಕ್ಕೆ ತ್ಯಾಗ ಅನ್ನುತ್ತೇವೆ. ಚದುರಂಗದಲ್ಲಿ ಮರಳಿ ಬಯಸದೆ ಕೊಟ್ಟವನು ಸೋಲುತ್ತಾನೆ, ಅಷ್ಟೇ. ನಮ್ಮ ಒಣಭೂಮಿಯ ರೈತ ಹಿಂಗಾರಿ ಜೋಳ ಬಿತ್ತುವುದನ್ನು ನೋಡಿ. ಮನೆಯಲ್ಲಿ ತಿನ್ನಬಹುದಾದ ಕಾಳನ್ನು ಮಣ್ಣಿಗೆ ಹಾಕುತ್ತಾನೆ. ಹಾಕುವ ಮುಂಚೆ ಹೊಲಕ್ಕೆ ಹೋಗಿ ಮಣ್ಣು ಹಿಡಿದು ಹಿಚುಕಿ ಹಸಿ ಎಷ್ಟಿದೆ ಎಂದು ನೋಡುತ್ತಾನೆ. ಹಸಿ ಇಲ್ಲದಿದ್ದರೆ ಕೂರಿಗೆ ಕಟ್ಟುವುದಿಲ್ಲ. ಅವನಿಗೆ ಯಾರೂ ಹೇಡಿ ಅನ್ನುವುದಿಲ್ಲ. ಚದುರಂಗದ ತ್ಯಾಗವೂ ಬಿತ್ತನೆಯೇ. ಮಾತ್ ಕಾಣುವ ಮುಂಚೆ ವಜೀರ ಕೊಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಚೆಸ್ ಬಲ್ಲ ಕೆಲವರು ಇಲ್ಲಿ ಮಿಖಾಯಿಲ್ ತಾಲ್ ಹೆಸರು ತೆಗೆಯುತ್ತಾರೆ. 1960ರಲ್ಲಿ ಬೋಟ್ವಿನ್ನಿಕ್‌ನನ್ನು ಸೋಲಿಸಿ 23ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದವನು. ಅವನ ಕೆಲವು ತ್ಯಾಗಗಳಲ್ಲಿ ತಪ್ಪಿತ್ತು ಎಂದು ಆಮೇಲೆ ಪಂಡಿತರು ಹುಡುಕಿ ತೋರಿಸಿದ್ದೂ ನಿಜ. ಒಪ್ಪಿದೆ. ರುಡಾಲ್ಫ್ ಸ್ಪೀಲ್‌ಮನ್ ಎಂಬ ಆಸ್ಟ್ರಿಯಾದ ಆಟಗಾರ 1930ರ ದಶಕದಲ್ಲೇ ಒಂದು ಪುಸ್ತಕ ಬರೆದು ಇದನ್ನು ಬಿಡಿಸಿಟ್ಟಿದ್ದಾನೆ: ಕೊನೆಯವರೆಗೆ ಎಣಿಸಿ ಕೊಡುವ ತ್ಯಾಗ ಒಂದು ಜಾತಿ, ಎಣಿಕೆಗೆ ಸಿಗದೆ ಅನುಭವದ ಮೇಲೆ ಕೊಡುವ ತ್ಯಾಗ ಇನ್ನೊಂದು ಜಾತಿ. ತಾಲ್‌ನ ಹಲವು ತ್ಯಾಗಗಳು ಎರಡನೆಯ ಜಾತಿಯವು. ಪಜಲ್‌ಗಳು ಮಾತ್ರ ಮೊದಲನೆಯ ಜಾತಿಯವು. ಅದಕ್ಕೇ ತಾನೇ ಅವಕ್ಕೆ ಸರಿ ಉತ್ತರ ಅಂತ ಒಂದಿರುವುದು? ಮೊದಲನೆಯದನ್ನು ಸಾವಿರ ಸಲ ಎಣಿಸಿದ ಕೈಗೆ ಎರಡನೆಯದು ಎಂದಾದರೂ ದಕ್ಕೀತು. ಮಗ್ಗಿ ಬಾರದ ಹುಡುಗನಿಗೆ ಬಾಯಿಲೆಕ್ಕದ ಚಮತ್ಕಾರ ಹೇಳಿಕೊಟ್ಟು ಪ್ರಯೋಜನವಿಲ್ಲ.

ಹಾಗಾದರೆ ಏನು ಮಾಡಬೇಕು? ಆ ಸ್ಪರ್ಧೆಯಿಂದ ಬಂದ ಮೇಲೆ ಝೆರಾಕ್ಸ್ ಹಾಳೆಗಳನ್ನು ಕಟ್ಟಿಟ್ಟೆ. ಈಗ ಶನಿವಾರ ಮಣೆ ಹಾಸಿದಾಗ ಪ್ರತಿ ಪಜಲ್‌ಗೂ ಮಕ್ಕಳು ನೋಟುಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕು. ಬರೆದು ಮುಗಿಯುವ ತನಕ ಕಾಯಿಗೆ ಕೈ ಹಚ್ಚುವ ಹಾಗಿಲ್ಲ.

ಮೊದಲ ಸಾಲು: ನಾನು ಏನು ಕೊಡುತ್ತೇನೆ? ಪ್ಯಾದೆಗೆ 1, ಕುದುರೆ ಒಂಟೆಗೆ 3, ಆನೆಗೆ 5, ವಜೀರನಿಗೆ 9 ಎಂಬ ಲೆಕ್ಕದಲ್ಲಿ. ಎರಡನೇ ಸಾಲು: ಎದುರಾಳಿ ಹೊಡೆದರೆ ಮುಂದೇನು? ಹೊಡೆಯಲು ಎರಡು ಕಾಯಿ ಇದ್ದರೆ ಎರಡನ್ನೂ ಬರೆಯಬೇಕು. ಮೂರನೇ ಸಾಲು: ಹೊಡೆಯದಿದ್ದರೆ ಮುಂದೇನು? ನಾಲ್ಕನೇ ಸಾಲು: ಕೊನೆಗೆ ನನ್ನ ಕೈಯಲ್ಲಿ ಉಳಿಯುವುದೇನು? ಮಾತ್ ಆದರೆ ಮಾತ್, ಇಲ್ಲದಿದ್ದರೆ ಅಂಕಿ.

ಇನ್ನೊಂದು ಕಿತಾಪತಿಯನ್ನೂ ಮಾಡಿದ್ದೇನೆ. ಹತ್ತು ಪಜಲ್‌ಗಳಲ್ಲಿ ಮೂರು ಸುಳ್ಳು. ಮಾರ್ಫಿಯ ಚಿತ್ರದಲ್ಲಿ ಜಿ5ರ ಒಂಟೆಯನ್ನು ತೆಗೆದು ಇ3ರಲ್ಲಿ ಇಡಿ. ನೋಡಲು ಅದೇ ಚಿತ್ರ. ಈಗ ವಜೀರನನ್ನು ಬಿ8ಕ್ಕೆ ಕೊಟ್ಟರೆ ರಾಜ ಇ7ಕ್ಕೆ ತಪ್ಪಿಸಿಕೊಳ್ಳಬಹುದು. ಕುದುರೆಯಿಂದ ಹೊಡೆದರೂ ಆಮೇಲೆ ಬರುವ ಆನೆಗೆ ಕಾವಲಿಲ್ಲ, ರಾಜನೇ ಅದನ್ನು ಹೊಡೆಯುತ್ತಾನೆ. ಇಂಥದಕ್ಕೆ ಸರಿ ಉತ್ತರ "ಈ ತ್ಯಾಗ ಬೇಡ". ಆ ಉತ್ತರಕ್ಕೂ ಪೂರ್ತಿ ಅಂಕ. ಮೊದಲ ತಿಂಗಳು ಯಾರೂ "ಬೇಡ" ಎಂದು ಬರೆಯಲಿಲ್ಲ. ಗುರೂಜಿ ಕೊಟ್ಟ ಪಜಲ್‌ಗೆ ಬೇಡ ಅನ್ನುವುದು ಹೇಗೆ ಎಂಬ ಸಂಕೋಚ. ನಮ್ಮ ಮಕ್ಕಳಿಗೆ ಹೌದು ಅನ್ನಲು ಎಷ್ಟು ಚೆನ್ನಾಗಿ ಕಲಿಸಿದ್ದೇವೆ ನೋಡಿ!

ಈ ನಾಲ್ಕು ಸಾಲು ಬರೆಸುವಾಗ ನನಗೊಂದು ಸಂಗತಿ ಹೊಳೆಯಿತು. ಚದುರಂಗದ ಎಣಿಕೆ ಎಲ್ಲ ನಿಂತಿರುವುದು ಕನ್ನಡದ ಒಂದು ಪುಟ್ಟ "ರೆ" ಮೇಲೆ. ಹೊಡೆದರೆ, ಹೊಡೆಯದಿದ್ದರೆ, ಸರಿದರೆ, ಅಡ್ಡ ಬಂದರೆ. ನಮ್ಮ ಮಕ್ಕಳು ಈ "ರೆ"ಯನ್ನು ತೊಟ್ಟಿಲಲ್ಲಿ ಕಲಿತಿದ್ದಾರೆ. ಮಳೆ ಬಂದರೆ, ಬಾರದಿದ್ದರೆ ಎಂದು ಮನೆಯಲ್ಲಿ ದಿನಾ ಕೇಳಿ ಬೆಳೆದವರು. "ಕನ್ನಡ ಸಾಳಿಯವರಿಗೆ ಲೆಕ್ಕ ಇಲ್ಲ" ಎಂದವರಿಗೆ ನನ್ನ ಉತ್ತರ ಇದು: ಲೆಕ್ಕ ಇದೆ, ನೀವೂ ನಾನೂ ಕೇಳಲಿಲ್ಲ. ನಾವು ಕೇಳಿದ್ದು ಚಪ್ಪಾಳೆ.

ಈ ಆಟ ಯಾವ ಒಂದು ಮಾಧ್ಯಮದ ಸ್ವತ್ತೂ ಅಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಚದುರಂಗದ ವಿಷಯ ಬರೆದಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಒಂದು ಮನೆಗೆ ಎರಡು ಸಲ ಇಡದೆ ಇಡೀ ಮಣೆ ಸುತ್ತಿಸುವ ಲೆಕ್ಕದಲ್ಲಿ ಹೆಸರಾದವರು. ನಮ್ಮ ಜಿಲ್ಲೆಯ ಊರು ಸಾಂಗಲಿಯಲ್ಲಿ ಭಾವುಸಾಹೇಬ ಪಡಸಲಗೀಕರರು ಕಟ್ಟಿದ ನೂತನ ಬುದ್ಧಿಬಳ ಮಂಡಳ ತಲೆಮಾರುಗಳ ಮಕ್ಕಳಿಗೆ ಮರಾಠಿಯಲ್ಲಿಯೇ ಈ ಆಟ ಕಲಿಸಿತು. ಅವರವರ ಭಾಷೆಯಲ್ಲಿ ಎಣಿಸಿದವರೇ ಎಲ್ಲ.

ಕೊನೆಗೆ ಒಂದು ಮಾತು. ಈಗೀಗ ನಮ್ಮ ಊರುಗಳಲ್ಲಿ ಇನ್ನೊಂದು ತ್ಯಾಗದ ಉಪದೇಶ ನಡೆದಿದೆ. "ಮಕ್ಕಳ ಭವಿಷ್ಯದ ಸಲುವಾಗಿ ಕನ್ನಡ ಸಾಳಿ ಬಿಡ್ರಿ" ಎಂದು ಪಾಲಕರಿಗೆ ಹೇಳುವವರು ಬಹಳ ಮಂದಿ. ನಾನು ಪಾಲಕರನ್ನು ಬೈಯುವುದಿಲ್ಲ. ಮರಾಠಿ ಬೇಕು, ಇಂಗ್ಲಿಷು ಬೇಕು, ನಾನೇ ಕಲಿಸುತ್ತೇನೆ. ಆದರೆ ಉಪದೇಶ ಮಾಡುವವರಿಗೆ ಅದೇ ನಾಲ್ಕು ಸಾಲು ಕೇಳಿ. ಏನು ಕೊಡುತ್ತಿದ್ದೇವೆ? ಕೊಟ್ಟರೆ ಮುಂದಿನ ನಡೆ ಯಾವುದು? ಅಂದುಕೊಂಡದ್ದು ಆಗದಿದ್ದರೆ? ಕೊನೆಗೆ ಮಗುವಿನ ಕೈಯಲ್ಲಿ ಉಳಿಯುವುದೇನು? ಪಕ್ಕದ ಮನೆಯ ಹುಡುಗ ಹೋದ, ಗೆದ್ದ ಎಂಬುದು ಉತ್ತರವಾಗದು. ಅದು ಬೇರೆ ಮಣೆ, ಅಲ್ಲಿ ಸಿ6ರಲ್ಲಿ ಕುದುರೆ ಇರಲಿಲ್ಲ. ಲೆಕ್ಕ ತೋರಿಸಿದರೆ ನಾನೂ ಒಪ್ಪುತ್ತೇನೆ. ತೋರಿಸದಿದ್ದರೆ "ಬೇಡ" ಅನ್ನಲು ಪಾಲಕರಿಗೂ ಪೂರ್ತಿ ಅಂಕ ಇದೆ.

ಆ ಹುಡುಗಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಹೋದ ಶನಿವಾರ ಒಂದು ಪಜಲ್ ಕೊಟ್ಟಿದ್ದೆ. ಆನೆ ಕೊಟ್ಟು ಗೆಲ್ಲುವುದು ಎಂದು ನನ್ನ ಉತ್ತರಪಟ್ಟಿಯಲ್ಲಿತ್ತು. ಅವಳು ನೋಟುಬುಕ್ಕು ತಂದು ಮೇಜಿನ ಮೇಲಿಟ್ಟಳು. ಮೂರನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

"ಗುರೂಜಿ, ಇದು ಬ್ಯಾಡ್ರಿ. ಅವರು ಹೊಡೀಲಿಲ್ಲ ಅಂದ್ರ ನಮ್ಮ ಆನಿ ಸುಮ್ಮ ಹೋಗ್ತದ್ರಿ. ನೀವು ಇದನ್ನ ನೋಡಿಲ್ಲೇನ್ರಿ?"

ಮಣೆ ಹಾಕಿ ನೋಡಿದೆ. ನಾನು ನೋಡಿರಲಿಲ್ಲ. ಪೂರ್ತಿ ಅಂಕ ಕೊಟ್ಟೆ, ನನ್ನ ಉತ್ತರಪಟ್ಟಿಯನ್ನು ಅವಳ ಎದುರಿಗೇ ತಿದ್ದಿದೆ.

ನಿಮ್ಮ ಶಾಲೆಗಳಲ್ಲಿ ಮಣೆ ಇದ್ದರೆ ಈ ನಾಲ್ಕು ಸಾಲು ಬರೆಸಿ ನೋಡಿ. ತಪ್ಪಿದ್ದರೆ ನನ್ನನ್ನೂ ತಿದ್ದಿ. ಮತ್ತೆ ಸಿಗೋಣ.